ಪೆಟ್ಟು ತಿಂದ ನಾಣ್ಯಕ್ಕೆ ಆನ್‌ಲೈನಲ್ಲಿ ಎಷ್ಟು ಬೆಲೆ? ಯಾವ ದಾರಿ ಯಾರಿಗೆ

"ಹಳೆಯ ಬೆಳ್ಳಿ ನಾಣ್ಯ ಒಂದಿದೆ. ಮೇಲ್ಗಡೆ ಒಂದು ತೂತು. ಕ್ಯಾಟಲಾಗಿನಲ್ಲಿ ಒಳ್ಳೆಯ ಬೆಲೆ ಕಾಣಿಸ್ತಿದೆ. ಆನ್‌ಲೈನಲ್ಲಿ ಎಷ್ಟಕ್ಕೆ ಹಾಕಲಿ?" ನಾಣ್ಯ ಸಂಗ್ರಹಿಸುವವರ ನಡುವೆ ಓಡಾಡಿದವರಿಗೆ ಈ ಪ್ರಶ್ನೆ ಹೊಸದಲ್ಲ. ತೂತಿನ ಬದಲು ಒಮ್ಮೆ ಆಳವಾದ ಗೀರು ಇರುತ್ತದೆ, ಒಮ್ಮೆ ಕಿಲುಬು, ಒಮ್ಮೆ ಯಾರೋ ಟೂತ್‌ಪೇಸ್ಟ್ ಹಾಕಿ ತಿಕ್ಕಿದ ಗುರುತು. ಹೀಗೆ ಕೇಳುವವರು ಮೋಸಗಾರರಲ್ಲ. ಮೋಸಗಾರರು ಕೇಳುವುದಿಲ್ಲ, ಸುಮ್ನೆ ಹಾಕಿಬಿಡುತ್ತಾರೆ. ಇವರಿಗೆ ನಷ್ಟವೂ ಆಗಬಾರದು, ಯಾರಿಂದಲೂ ಬೈಸಿಕೊಳ್ಳಲೂಬಾರದು.

ನನಗೇ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಒಮ್ಮೆ ಆನ್‌ಲೈನಲ್ಲಿ 1881ರ ಮಾರ್ಗನ್ ಡಾಲರ್ ಎಂಬ ಅಮೆರಿಕದ ಬೆಳ್ಳಿ ನಾಣ್ಯ ಒಂದನ್ನು ಕೊಂಡೆ. ಫೋಟೋದಲ್ಲಿ ಬೆಳ್ಳಗೆ ಫಳಫಳ ಅನ್ನುತ್ತಿತ್ತು. ಬಳಕೆಯೇ ಆಗದ ನಾಣ್ಯಕ್ಕೆ ಹಾಕುವ ಬೆಲೆ ಹಾಕಿದ್ದರು. ವಿವರದಲ್ಲಿ ವರ್ಷ, ತೂಕ, ಅಳತೆ, ಅಷ್ಟೇ. ನಾಣ್ಯ ಬಂತು. ಟೇಬಲ್ ಲ್ಯಾಂಪ್ ಹಾಕಿ, ಅಂಚು ಹಿಡಿದು, ಮೆಲ್ಲಗೆ ವಾಲಿಸಿದೆ. ಬಳಸದ ಬೆಳ್ಳಿ ಡಾಲರನ್ನು ಹಾಗೆ ವಾಲಿಸಿದರೆ ಬೆಳಕು ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ಅಚ್ಚೊತ್ತುವಾಗ ಲೋಹ ಹೊರಗೆ ಹರಿದು ಮೂಡಿದ ಸಣ್ಣ ಸಣ್ಣ ಗೆರೆಗಳ ಆಟ ಅದು. ನನ್ನ ಕೈಯಲ್ಲಿದ್ದದ್ದರಲ್ಲಿ ಬೆಳಕು ಕದಲಲೇ ಇಲ್ಲ. ಬದಲಿಗೆ ಒಂದೇ ದಿಕ್ಕಿಗೆ ಎಳೆದ ಕೂದಲೆಳೆಯಂಥ ಗೀರುಗಳು, ಪಾತ್ರೆ ಬೆಳಗಿದ ಹಾಗೆ. ಯಾರೋ ಚೆನ್ನಾಗಿ ಉಜ್ಜಿದ್ದರು.

ಕೇಳಿದೆ. "ಫೋಟೋ ಹಾಕಿದ್ದೆನಲ್ಲ, ನೋಡಿ ತಾನೇ ತಗೊಂಡಿದ್ದು?" ಎಂಬ ಉತ್ತರ ಬಂತು. ನಿಜ ಹೇಳಬೇಕೆಂದರೆ ಆತ ಒಂದೂ ಸುಳ್ಳು ಬರೆದಿರಲಿಲ್ಲ. ವರ್ಷ ಸರಿ, ತೂಕ ಸರಿ, ಬೆಳ್ಳಿ ಸರಿ. ಸುಳ್ಳು ಹೇಳಿದ್ದು ಬೆಲೆ. "ನಾನು ಚೆನ್ನಾಗಿದ್ದೇನೆ" ಅಂತ ಆ ಅಂಕಿ ಹೇಳುತ್ತಿತ್ತು, ನಾನು ನಂಬಿದೆ.

ಆವತ್ತಿನಿಂದ ನನಗೆ ಬೆಲೆಯೂ ಒಂದು ಮಾತೇ. ನಾಣ್ಯದ ಲೋಕದಲ್ಲಂತೂ ಇದು ಮೊದಲಿನಿಂದಲೂ ಹಾಗೇ ಇದೆ. ಇವತ್ತು ಎಲ್ಲರೂ ಬಳಸುವ 1ರಿಂದ 70ರವರೆಗಿನ ದರ್ಜೆ ಹುಟ್ಟಿದ್ದು 1949ರಲ್ಲಿ. ವಿಲಿಯಂ ಶೆಲ್ಡನ್ ಎಂಬಾತ ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟುಗಳಿಗೆಂದು ಮಾಡಿದ ಲೆಕ್ಕ ಅದು. ತೀರಾ ಸವೆದ ನಾಣ್ಯಕ್ಕೆ 1, ಕುಂದೇ ಇಲ್ಲದ್ದಕ್ಕೆ 70. ಅಂದರೆ ಎರಡನೆಯದರ ಬೆಲೆ ಮೊದಲನೆಯದರ 70 ಪಟ್ಟು. ದರ್ಜೆ ಹೇಳುವುದೂ ಬೆಲೆ ಹೇಳುವುದೂ ಒಂದೇ ಆಗಿತ್ತು. ಆ ಬೆಲೆಯ ಲೆಕ್ಕ ಬೇಗ ಹಳತಾಯಿತು, ಅಂಕಿಗಳು ಉಳಿದವು. (ಇದೇ ಶೆಲ್ಡನ್ ಅಮೆರಿಕನ್ ನ್ಯೂಮಿಸ್‌ಮ್ಯಾಟಿಕ್ ಸೊಸೈಟಿ ಎಂಬ ನಾಣ್ಯ ಅಧ್ಯಯನ ಸಂಸ್ಥೆಯ ಸಂಗ್ರಹದಿಂದ ಒಳ್ಳೆಯ ಸೆಂಟುಗಳನ್ನು ಎತ್ತಿಕೊಂಡು ಆ ಜಾಗದಲ್ಲಿ ಕಡಿಮೆ ದರ್ಜೆಯವನ್ನು ಇಟ್ಟಿದ್ದ ಅನ್ನುವುದು ಆತ ತೀರಿಕೊಂಡ ಮೇಲೆ ದೊಡ್ಡ ಸುದ್ದಿಯಾಯಿತು. ಅಳತೆಗೋಲು ಮಾಡಿದವನ ಕಥೆ ಇದು!)

ಯಾವುದರಿಂದ ಅಳೆಯುವುದು?

ಮಾರುವ ದಾರಿಗಳನ್ನು ಹೋಲಿಸುವ ಮೊದಲು ನಾಣ್ಯವನ್ನು ಎದುರಿಗಿಟ್ಟುಕೊಂಡು ಕೆಲವು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದೇ ದೊಡ್ಡದು: ಹಾನಿ ಫೋಟೋದಲ್ಲಿ ಕಾಣುತ್ತದೆಯೋ ಇಲ್ಲವೋ? ತೂತು ಇದ್ದರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನೋಡಿದವರಿಗೆ ಗೊತ್ತಾಗುತ್ತದೆ. ಆದರೆ ಉಜ್ಜಿದ್ದು, ಅಂಚು ಅರದಿಂದ ತೀಡಿದ್ದು, ತೂತು ಮುಚ್ಚಿ ಮೇಲೆ ಚಿತ್ರ ಕೆತ್ತಿದ್ದು, ನಾಣ್ಯದ ಮೇಲಿನ ತಲೆಯ ಸವೆದ ಕೂದಲಿನ ಗೆರೆಗಳನ್ನು ಸೂಜಿಯಿಂದ ಮತ್ತೆ ಎಳೆದದ್ದು, ಇವು ಯಾವುವೂ ಮೆತ್ತಗಿನ ಬೆಳಕಿನ ಫೋಟೋದಲ್ಲಿ ಕಾಣುವುದಿಲ್ಲ. ಹೀಗಾಗಿ ನನ್ನ ಲೆಕ್ಕ ಸ್ವಲ್ಪ ತಲೆಕೆಳಗು. ನೋಡಲು ಭೀಕರವಾಗಿರುವ ಹಾನಿಯ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಹಾನಿ ಎಷ್ಟು ಕಾಣದಂತಿದೆಯೋ ಅಷ್ಟು ಜಾಸ್ತಿ ಮಾತು ಬೇಕು, ಬೆಲೆಯೂ ಅಷ್ಟು ಸ್ಪಷ್ಟವಾಗಿ ಇಳಿಯಬೇಕು.

ಎರಡನೆಯದು, ಹಾನಿ ನಿಂತಿದೆಯೋ ಇನ್ನೂ ನಡೆಯುತ್ತಿದೆಯೋ? ಗೀರು ಬಿದ್ದಲ್ಲೇ ಇರುತ್ತದೆ. ಕಂಚಿನ ನಾಣ್ಯದ ಮೇಲೆ ತಿಳಿ ಹಸಿರು ಪುಡಿ ಕಂಡರೆ ಅದು ಬೇರೆ ವಿಷಯ. ಲೋಹದೊಳಗಿನ ಕ್ಲೋರೈಡು ತೇವ ಕುಡಿದು ತಾಮ್ರವನ್ನು ತಿನ್ನುತ್ತಾ ಹೋಗುತ್ತದೆ. ಇದನ್ನು ಕಂಚಿನ ರೋಗ ಅಂತಲೇ ಕರೆಯುತ್ತಾರೆ. ಇವತ್ತಿನ ಬೆಲೆಗೆ ಕೊಂಡವರ ಕೈಯಲ್ಲಿ ಕೆಲವು ತಿಂಗಳಲ್ಲಿ ಬೇರೆಯದೇ ನಾಣ್ಯ ಇರುತ್ತದೆ. ಇದನ್ನು ಹೇಳದೆ ಮಾರುವುದನ್ನು ನಾನು ಯಾವ ಬೆಲೆಗೂ ಒಪ್ಪುವುದಿಲ್ಲ. ಮೆತ್ತನೆಯ ಪಿವಿಸಿ ಕವರಿನಲ್ಲಿ ಇಟ್ಟದ್ದರಿಂದ ಬಂದ ಅಂಟು ಹಸಿರು ಮಾತ್ರ ಇಷ್ಟು ಕಷ್ಟದ್ದಲ್ಲ. ಬೇಗ ಕಂಡರೆ ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆಯಬಹುದು, ಲೋಹಕ್ಕೆ ಏನೂ ಆಗುವುದಿಲ್ಲ. ಉಜ್ಜಬಾರದು, ಅಷ್ಟೇ.

ಉಳಿದವು ಚಿಕ್ಕವು. ಕೊಂಡವರು ಬೇಡ ಅಂದರೆ ವಾಪಸ್ ತೆಗೆದುಕೊಳ್ಳುತ್ತೀರಾ? ನಿಮಗೆ ಶುಲ್ಕ, ಅಂಚೆ, ಸಮಯ ಎಲ್ಲ ಸೇರಿ ಎಷ್ಟು ಬೀಳುತ್ತದೆ? ಮತ್ತೆ ಒಂದು, ಅದನ್ನು ಜನ ಮರೆಯುತ್ತಾರೆ: ನಿಮ್ಮಿಂದ ಕೊಂಡವರು ನಾಳೆ ಇನ್ನೊಬ್ಬರಿಗೆ ಮಾರುತ್ತಾರೆ. ನೀವು ಬಾಯಿ ಬಿಟ್ಟು ಹೇಳದ ಮಾತು ಅವರಿಗೂ ತಿಳಿದಿರುವುದಿಲ್ಲ.

ದಾರಿ ಒಂದು: ಪೂರ್ತಿ ಬೆಲೆ, "ಫೋಟೋ ನೋಡಿ ನಿರ್ಧರಿಸಿ"

ಅತಿ ಹೆಚ್ಚು ಕಾಣುವುದು ಇದೇ. ಸರಿಯಾದ ನಾಣ್ಯದ ಬೆಲೆ ಹಾಕುವುದು, ಹಾನಿಯ ಬಗ್ಗೆ ಚಕಾರ ಎತ್ತದೆ ಫೋಟೋ ಕಡೆ ಕೈ ತೋರಿಸುವುದು. ಇದನ್ನು ಸಮರ್ಥಿಸುವವರ ವಾದ ತೀರಾ ಪೊಳ್ಳೇನಲ್ಲ. "ನಾನು ತಜ್ಞ ಅಲ್ಲ. ಯಾರನ್ನೂ ಬಲವಂತ ಮಾಡಿಲ್ಲ. ಕೊಳ್ಳುವವರಿಗೂ ಕಣ್ಣಿದೆ."

ಈ ಜಗಳ ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ ಇದನ್ನು ಬರೆದಿಟ್ಟಿದ್ದಾನೆ. ಒಬ್ಬ ಮನೆ ಮಾರುತ್ತಿದ್ದಾನೆ. ಮರಮುಟ್ಟು ಹಾಳಾಗಿದೆ, ಮಲಗುವ ಕೋಣೆಗಳಲ್ಲಿ ಹಾವು ಬರುತ್ತವೆ. ಅದು ಅವನೊಬ್ಬನಿಗೇ ಗೊತ್ತು. ಹೇಳಬೇಕೇ? ಡಯೋಜಿನಿಸ್ ಎಂಬ ತತ್ವಜ್ಞಾನಿ ಬೇಡ ಅಂದ. ಕೊಳ್ಳು ಅಂತ ಯಾರೂ ಒತ್ತಾಯ ಮಾಡಿಲ್ಲವಲ್ಲ ಅನ್ನುವುದು ಅವನ ಮಾತು. ಅವನ ಶಿಷ್ಯ ಆಂಟಿಪೇಟರ್ ಒಪ್ಪಲಿಲ್ಲ. ದಾರಿ ತಪ್ಪಿದವನಿಗೆ ದಾರಿ ತೋರಿಸದೆ ಇರುವುದಕ್ಕಿಂತ ಇದು ಕೆಟ್ಟದ್ದು, ಗೊತ್ತಿದ್ದೂ ತಪ್ಪು ದಾರಿಗೆ ಬಿಟ್ಟ ಹಾಗೆ ಅಂದ. ಸಿಸೆರೊ ಸೇರಿದ್ದು ಆಂಟಿಪೇಟರನ ಕಡೆ. ನಾನೂ ಅಲ್ಲಿಗೇ ಸೇರುತ್ತೇನೆ. ಆನ್‌ಲೈನಲ್ಲಂತೂ ಕೊಳ್ಳುವವರು ಮನೆಯೊಳಗೆ ಕಾಲೇ ಇಟ್ಟಿರುವುದಿಲ್ಲ, ನೀವು ತೆಗೆದ ನಾಲ್ಕು ಫೋಟೋ ಮಾತ್ರ ಅವರ ಕಣ್ಣು.

ಆದರೆ ನಿಜವಾಗಿಯೂ ಏನೂ ಗೊತ್ತಿಲ್ಲದವರು? ಅವರಿಗೆ ಒಂದು ಸಣ್ಣ ತಿದ್ದುಪಡಿ ಸಾಕು. "ನನಗೆ ನಾಣ್ಯದ ಬಗ್ಗೆ ಗೊತ್ತಿಲ್ಲ, ಹಿಂದೆ ಯಾರಾದರೂ ಉಜ್ಜಿದ್ದಾರೋ ತಿಳಿಯದು, ಬೇಡವಾದರೆ ವಾಪಸ್ ಕಳಿಸಿ" ಎಂದು ಬರೆಯಿರಿ. ಅಷ್ಟು ಬರೆದ ಮೇಲೆ ಅತ್ಯುತ್ತಮ ದರ್ಜೆಯ ಬೆಲೆ ಮಾತ್ರ ಹಾಕಬೇಡಿ. ಗೊತ್ತಿಲ್ಲ ಅನ್ನುವವರಿಗೆ ಆ ಬೆಲೆ ಹೇಗೆ ಗೊತ್ತಾಯಿತು?

ದಾರಿ ಎರಡು: ಹಾನಿ ಹೇಳಿ, ಆದರೂ ಜಾಸ್ತಿ ಬೆಲೆ ಹಾಕಿ, ಚೌಕಾಸಿಗೆ ಬಿಡುವುದು

ಇದು ತಪ್ಪಲ್ಲ. ಎಲ್ಲ ಹೇಳಿದ ಮೇಲೆ ಬೆಲೆ ನಿಮ್ಮ ಇಷ್ಟ. ನನಗಿರುವ ತಕರಾರು ಒಂದೇ. ಅನುಭವಿಗಳು ಚೌಕಾಸಿ ಮಾಡಿ ಅರ್ಧಕ್ಕೆ ತೆಗೆದುಕೊಳ್ಳುತ್ತಾರೆ. ಹೊಸಬರು ಚೌಕಾಸಿ ಮಾಡಬಹುದು ಅನ್ನುವುದೇ ಗೊತ್ತಿಲ್ಲದೆ ಪೂರ್ತಿ ಕೊಡುತ್ತಾರೆ. ಕೊನೆಗೆ ಯಾರಿಗೆ ಕಡಿಮೆ ತಿಳಿದಿದೆಯೋ ಅವರೇ ಜಾಸ್ತಿ ಕೊಟ್ಟಿರುತ್ತಾರೆ. ಅವಸರವಿಲ್ಲದೆ, ನಿಜಕ್ಕೂ ಅಪರೂಪದ ನಾಣ್ಯ ಇಟ್ಟುಕೊಂಡವರಿಗೆ ಇದು ಒಗ್ಗುತ್ತದೆ. ಅಂಥ ನಾಣ್ಯಕ್ಕೆ ಬರುವವರು ಸಾಮಾನ್ಯವಾಗಿ ತಿಳಿದವರೇ. ಸಾಧಾರಣ ನಾಣ್ಯಕ್ಕೆ ಬೇಡ.

ದಾರಿ ಮೂರು: ಹಾನಿಯನ್ನು ಬೆಲೆಯಲ್ಲೇ ಇಳಿಸಿ, ಒಂದೇ ಬೆಲೆ

ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಕಷ್ಟ ಎಲ್ಲಿದೆ ಅಂದರೆ, ಎಷ್ಟು ಇಳಿಸುವುದು?

ಶೇಕಡಾ ಇಷ್ಟು ಅಂತ ಯಾರಾದರೂ ಒಂದೇ ಅಂಕಿ ಹೇಳಿದರೆ ನಂಬಬೇಡಿ. ಸಾಧಾರಣ ವರ್ಷದ ಬೆಳ್ಳಿ ನಾಣ್ಯಕ್ಕೆ ತೂತು ಬಿದ್ದರೆ ಅದು ಹೆಚ್ಚುಕಡಿಮೆ ಬೆಳ್ಳಿಯ ಬೆಲೆಗೇ ಇಳಿಯುತ್ತದೆ. ಮಾರ್ಗನ್ ಡಾಲರ್ 26.73 ಗ್ರಾಂ ತೂಗುತ್ತದೆ, ಶೇ. 90 ಬೆಳ್ಳಿ, ಅಂದರೆ ಸುಮಾರು 24 ಗ್ರಾಂ. ಆ ದಿನದ ದರಕ್ಕೆ ಗುಣಿಸಿದರೆ ತಳದ ಬೆಲೆ ಸಿಕ್ಕಿತು. ಅದೇ ಮಾರ್ಗನ್ನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ 1893ರ ನಾಣ್ಯ ಬರೀ 1,00,000 ಅಚ್ಚಾಗಿದ್ದವು. ಅದಕ್ಕೆ ತೂತಿದ್ದರೂ ಬೆಳ್ಳಿಯ ಬೆಲೆಯ ಎಷ್ಟೋ ಪಟ್ಟು ಕೊಡುವವರಿದ್ದಾರೆ, ಯಾಕೆಂದರೆ ಸರಿಯಾದದ್ದನ್ನು ಕೊಳ್ಳಲು ಅವರ ಕೈಲಾಗದು. ಅಂಥವರಿಗೆ ಪೆಟ್ಟು ತಿಂದ ನಾಣ್ಯ ಒಂದು ವರವೇ.

ನಾನು ಮಾಡುವುದು ಹೀಗೆ. ಮಾರಾಟಕ್ಕೆ ಹಾಕಿದ ಬೆಲೆಗಳನ್ನು ನೋಡುವುದಿಲ್ಲ, ಮಾರಾಟ ಆದ ಬೆಲೆಗಳನ್ನು ಮಾತ್ರ ನೋಡುತ್ತೇನೆ. ಹಾಕುವ ಬೆಲೆ ಆಸೆ, ಆದ ಬೆಲೆ ನಿಜ. ಇದೇ ಥರದ ಹಾನಿ ಇರುವ ಅದೇ ನಾಣ್ಯ ಎಷ್ಟಕ್ಕೆ ಹೋಗಿದೆ ಅಂತ ಹುಡುಕುತ್ತೇನೆ. ಸಿಗದಿದ್ದರೆ, ಹಾನಿಯಿಲ್ಲದೆ ಬರೀ ಸವೆದ ನಾಣ್ಯ ಎಷ್ಟಕ್ಕೆ ಹೋಗಿದೆ ಅಂತ ನೋಡಿ ಅದರ ಅಕ್ಕಪಕ್ಕದಲ್ಲಿ ನಿಲ್ಲುತ್ತೇನೆ. ಪ್ರಾಮಾಣಿಕವಾಗಿ ಸವೆದದ್ದು ಉಜ್ಜಿ ಹೊಳೆಸಿದ್ದಕ್ಕಿಂತ ಎಷ್ಟೋ ಮೇಲು ಅನ್ನುವವರು ನನ್ನಂತೆ ಬಹಳ ಜನ ಇದ್ದಾರೆ.

ಬೆಲೆಯಷ್ಟೇ ಪದವೂ ಮುಖ್ಯ. ಇಲ್ಲಿ ನಾನೂ ಜಾರಿದ್ದೇನೆ. ನನ್ನ ಹತ್ತಿರ ಒಂದು ಬ್ರಿಟಿಷ್ ಚಿನ್ನದ ಸಾವರಿನ್ ಇತ್ತು. ಯಾವುದೋ ಕಾಲಕ್ಕೆ ಅದಕ್ಕೆ ಕೊಂಡಿ ಬೆಸೆದು ಕುತ್ತಿಗೆಗೆ ಹಾಕಿಕೊಂಡಿದ್ದರು, ಆಮೇಲೆ ಕೊಂಡಿ ಕಿತ್ತು ಆ ಜಾಗವನ್ನು ಅರದಿಂದ ತೀಡಿದ್ದರು. ನಾನು ಬರೆದದ್ದು "ಅಂಚಿನಲ್ಲಿ ಸ್ವಲ್ಪ ಸವೆತ". ಬೆಲೆಯನ್ನೂ ಸವೆದ ನಾಣ್ಯದ್ದೇ ಹಾಕಿದ್ದೆ. ಕೊಂಡವರು ಒಂದು ಸಾಲು ಬರೆದರು: "ಸಾವರಿನ್ 7.98 ಗ್ರಾಂ ಇರಬೇಕು, ಇದು 7.87 ಇದೆ. ಸವೆತ ಒಂದೇ ಕಡೆ ಆಗುತ್ತಾ?" ಕೋಪದ ಒಂದು ಪದವೂ ಇರಲಿಲ್ಲ. ಅದಕ್ಕೇ ಜಾಸ್ತಿ ನಾಚಿಕೆಯಾಯಿತು. ದುಡ್ಡಿನ ಒಂದು ಭಾಗ ವಾಪಸ್ ಕೊಟ್ಟೆ. ಸವೆತ ಅಂದರೆ ಕೈಯಿಂದ ಕೈಗೆ ಹೋಗಿ ಆದದ್ದು. ಅರ ಹಾಕಿದ್ದು ಸವೆತವಲ್ಲ. "ಹಳೆಯದಾದ್ದರಿಂದ ಸಹಜ ಗುರುತುಗಳು" ಅನ್ನುವುದೂ ಇದೇ ಜಾತಿಯ ಮಾತು.

ದಾರಿ ನಾಲ್ಕು: ಹರಾಜು

ಬೆಲೆ ಹಾಕುವ ತಲೆನೋವೇ ಬೇಡ, ಕಡಿಮೆಯಿಂದ ಶುರು ಮಾಡಿ, ಜನ ಹೇಳಿದಷ್ಟು. ಕೇಳಲು ತುಂಬಾ ನ್ಯಾಯವಾಗಿದೆ, ಅಲ್ವಾ? ಎಲ್ಲ ಹೇಳಿದ್ದರೆ ನ್ಯಾಯವೇ. ಹೇಳದಿದ್ದರೆ ಮೊದಲನೇ ದಾರಿಗಿಂತ ಕೆಟ್ಟದ್ದು. ಹರಾಜಿನಲ್ಲಿ ಗೆಲ್ಲುವವರು ಆ ನಾಣ್ಯವನ್ನು ಎಲ್ಲರಿಗಿಂತ ಚೆನ್ನಾಗಿದೆ ಎಂದುಕೊಂಡವರು. ಹಾನಿ ಕಂಡವರು ಮೊದಲೇ ಹಿಂದೆ ಸರಿದಿರುತ್ತಾರೆ, ಕಾಣದವರು ಇಬ್ಬರು ಉಳಿದು ಒಬ್ಬರ ಮೇಲೊಬ್ಬರು ಏರಿಸುತ್ತಾರೆ. "ಬೆಲೆ ನಾನು ಹಾಕಿದ್ದಲ್ಲ" ಎಂದು ಕೈ ತೊಳೆದುಕೊಳ್ಳಲು ಇದರಲ್ಲಿ ಬಹಳ ಅನುಕೂಲ. ಗೆಳೆಯನ ಖಾತೆಯಿಂದ ಬೆಲೆ ಏರಿಸುವುದು ಮೋಸ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಡೆಯೂ ಇದೆ. ನಿಮ್ಮ ನಾಣ್ಯ ಅಪರೂಪದ್ದಾಗಿ, ಆ ವಾರ ಸರಿಯಾದ ಇಬ್ಬರು ನೋಡದೆ ಹೋದರೆ ಲೋಹದ ಬೆಲೆಗೆ ಕೈಬಿಟ್ಟು ಹೋಗುತ್ತದೆ. ಶುರುವಿನ ಬೆಲೆಯನ್ನು ಲೋಹದ ಬೆಲೆಗೆ ಇಟ್ಟರೆ ಆ ಭಯ ಕಡಿಮೆ.

ದಾರಿ ಐದು: ದರ್ಜೆ ಹಾಕಿಸಿ ಮಾರುವುದು

ಅಮೆರಿಕದ ಎರಡು ಖಾಸಗಿ ನಾಣ್ಯ ಪರೀಕ್ಷಾ ಸಂಸ್ಥೆಗಳು, ಪಿಸಿಜಿಎಸ್ 1986ರಿಂದ, ಎನ್‌ಜಿಸಿ 1987ರಿಂದ ನಾಣ್ಯ ಪರೀಕ್ಷಿಸಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕೊಡುತ್ತಿವೆ. ಪೆಟ್ಟು ತಿಂದ ನಾಣ್ಯಕ್ಕೆ ಅವರು ಅಂಕಿ ಕೊಡುವುದಿಲ್ಲ. ಚಿತ್ರ ಎಷ್ಟು ಉಳಿದಿದೆ ಅಂತ ಹೇಳಿ "ಡೀಟೇಲ್ಸ್" ಅಂತ ಬರೆದು, ಉಜ್ಜಿದೆ, ಗೀರಿದೆ, ಕೊಂಡಿ ತೆಗೆದಿದೆ ಎಂದು ಕಾರಣ ಸೇರಿಸುತ್ತಾರೆ. ನೈತಿಕವಾಗಿ ಇದಕ್ಕಿಂತ ಚೊಕ್ಕ ದಾರಿ ಇಲ್ಲ. ಮೂರನೆಯವರು ಹೇಳಿದರು, ಮುಂದಿನ ಕೈಗೂ ಆ ಮಾತು ಡಬ್ಬಿಯ ಜೊತೆಗೇ ಹೋಗುತ್ತದೆ.

ಖರ್ಚು ಮಾತ್ರ ಯೋಚಿಸಿ. ಶುಲ್ಕ, ಹೋಗಿ ಬರುವ ಅಂಚೆ, ವಿಮೆ ಸೇರಿದರೆ ಸಾಧಾರಣ ನಾಣ್ಯದ ಬೆಲೆಯನ್ನೇ ಅದು ನುಂಗುತ್ತದೆ. ನಕಲಿಗಳು ತುಂಬಾ ಓಡಾಡುವ ದುಬಾರಿ ನಾಣ್ಯವಾದರೆ ಕಳಿಸಿ. ಅಲ್ಲಿ ಕೊಳ್ಳುವವರ ಮೊದಲ ಭಯ ಗೀರಿನದ್ದಲ್ಲ, ಇದು ಅಸಲಿಯೇ ಅನ್ನುವುದು. ಉಳಿದವಕ್ಕೆ ಒಳ್ಳೆಯ ಲ್ಯಾಂಪು, ಚಿಕ್ಕ ತಕ್ಕಡಿ ಸಾಕು.

ದಾರಿ ಆರು: ಗುಂಪಾಗಿ, ತೂಕಕ್ಕೆ

ಇಪ್ಪತ್ತು ಮೂವತ್ತು ಹಾಳಾದ ನಾಣ್ಯ ಇದ್ದರೆ ಒಂದೊಂದಕ್ಕೂ ವಿವರ ಬರೆಯುತ್ತಾ ಕೂರಲಾಗದು. ಒಟ್ಟಿಗೆ ಹಾಕಿ, "ಎಲ್ಲವೂ ಹಾನಿಯಾದವು" ಅಂತ ಬರೆದು, ಲೋಹದ ಬೆಲೆಯ ಹತ್ತಿರ ಮಾರಿ. ಚೆನ್ನಾಗಿರುವ ಎರಡನ್ನು ಮೇಲಿಟ್ಟು ಫೋಟೋ ತೆಗೆಯಬೇಡಿ. "ನಾನು ಬಿಚ್ಚಿ ನೋಡಿಯೇ ಇಲ್ಲ, ಒಳಗೆ ಏನು ಬೇಕಾದರೂ ಇರಬಹುದು" ಅನ್ನುವುದಂತೂ ಬೇಡವೇ ಬೇಡ. ನೋಡದೆ ಮಾರುವ ನಾಣ್ಯದವರನ್ನು ನಾನಿನ್ನೂ ನೋಡಿಲ್ಲ.

ದಾರಿಯೇ ಅಲ್ಲದ ಒಂದು

ಹಾನಿಯನ್ನೇ ಹೆಚ್ಚುಗಾರಿಕೆ ಮಾಡಿ ಮಾರುವುದು. ಯಾರೋ ಕತ್ತರಿಸಿದ, ಜಜ್ಜಿದ ನಾಣ್ಯಕ್ಕೆ "ಟಂಕಸಾಲೆಯ ತಪ್ಪು, ಬಹಳ ಅಪರೂಪ" ಅಂತ ಹೆಸರಿಟ್ಟು ಹತ್ತು ಪಟ್ಟು ಬೆಲೆ ಹಾಕುತ್ತಾರೆ. ನಿಜವಾದ ತಪ್ಪುಗಳಿವೆ. ಲೋಹದ ಬಿಲ್ಲೆ ಕತ್ತರಿಸುವಾಗಲೇ ಒಂದು ಚೂರು ಹೋಗಿದ್ದರೆ, ಸಾಮಾನ್ಯವಾಗಿ ಅದರ ನೇರ ಎದುರಿನ ಅಂಚು ಮಸುಕಾಗಿರುತ್ತದೆ. ಆಮೇಲೆ ಕತ್ತರಿ ಹಾಕಿದ್ದರೆ ಎದುರಿನ ಅಂಚು ಗಟ್ಟಿಯಾಗೇ ಇರುತ್ತದೆ. ಅಷ್ಟು ನೋಡದೆ "ಅಪರೂಪ" ಎಂದು ಬರೆಯಬಾರದು.

ಹಾಗಂತ ಎಲ್ಲ ಗುರುತೂ ಹಾನಿಯಲ್ಲ. ಅಮೆರಿಕ 1873ರಿಂದ ಏಷ್ಯಾದ ವ್ಯಾಪಾರಕ್ಕೆಂದು ಹೊರತಂದ ಟ್ರೇಡ್ ಡಾಲರಿನ ಮೇಲೆ ಚೀನೀ ವರ್ತಕರು ಬೆಳ್ಳಿ ಪರೀಕ್ಷಿಸಿ ತಮ್ಮ ಮುದ್ರೆ ಕುಟ್ಟುತ್ತಿದ್ದರು. ಮೊದಲು ಅದನ್ನು ಹಾಳಾದ ನಾಣ್ಯ ಎಂದು ಬದಿಗಿಡುತ್ತಿದ್ದರು. ಈಗ ಆ ಮುದ್ರೆಗಳಿಗಾಗಿಯೇ ಹುಡುಕುವವರಿದ್ದಾರೆ. ಬೆಲೆ ಇಳಿಸುವ ಮೊದಲು ಆ ಗುರುತು ಯಾರದ್ದು ಅಂತ ತಿಳಿದುಕೊಳ್ಳಿ.

ಹಾಗಾದರೆ ನಿಮಗೆ ಯಾವುದು?

ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ನಾಣ್ಯಗಳನ್ನು ಮಾರಿ ಮುಗಿಸಬೇಕು ಅನ್ನುವವರಿಗೆ ಹರಾಜು ಸರಿ, ವಾಪಸ್ ದಾರಿ ತೆರೆದಿಟ್ಟು. ಮೊದಲು ಯಾರಾದರೂ ತಿಳಿದವರಿಗೆ ಒಮ್ಮೆ ತೋರಿಸಿ. ಉಜ್ಜಬೇಡಿ, ದಯವಿಟ್ಟು. ಸಂಗ್ರಹದಲ್ಲಿದ್ದ ಪೆಟ್ಟು ತಿಂದದ್ದನ್ನು ಮಾರಿ ಒಳ್ಳೆಯದನ್ನು ಕೊಳ್ಳುವ ಹವ್ಯಾಸಿಗೆ ಮೂರನೇ ದಾರಿ. ದಿನಾ ಮಾರುವವರಿಗೂ ಅದೇ, ಅವರ ಹೆಸರೇ ಅವರ ಬಂಡವಾಳ. ಒಂದೇ ಒಂದು ದುಬಾರಿ ನಾಣ್ಯ ಇದ್ದವರು ಐದನೆಯದಕ್ಕೆ ಖರ್ಚು ಮಾಡಿ.

ಕೊಳ್ಳುವವರೂ ಇದನ್ನು ಓದುತ್ತಿರಬಹುದು. ಕಡಿಮೆ ದುಡ್ಡಿನಲ್ಲಿ ಸರಣಿ ಪೂರ್ತಿ ಮಾಡುವ ಆಸೆಯಿದ್ದರೆ ಪೆಟ್ಟು ತಿಂದ ನಾಣ್ಯ ಧಾರಾಳವಾಗಿ ಕೊಳ್ಳಿ, ಹಾನಿ ಹೇಳಿದವರಿಂದ. ಮುಂದೆ ಮಾರಿ ಲಾಭ ಮಾಡುವ ಯೋಚನೆಯಿದ್ದರೆ ಬೇಡ. ಒಂದೇ ದೀಪದ ಕೆಳಗೆ ವಾಲಿಸಿ ತೆಗೆದ ಫೋಟೋ, ಅಂಚಿನ ಫೋಟೋ, ತಕ್ಕಡಿಯ ಮೇಲಿನ ಫೋಟೋ, ಈ ಮೂರು ಕೇಳಿ. ಕಳಿಸಲು ಹಿಂದೇಟು ಹಾಕಿದರೆ ಬಿಟ್ಟುಬಿಡಿ.

ಆ ಉಜ್ಜಿದ ಮಾರ್ಗನ್ ಡಾಲರನ್ನು ನಾನು ಕೊನೆಗೆ ಮಾರಿದೆ. ತಲೆಬರಹದಲ್ಲೇ "ಉಜ್ಜಿದ್ದು" ಎಂದು ಬರೆದೆ. ಗೀರುಗಳು ಎದ್ದು ಕಾಣುವ ಹಾಗೆ ಪಕ್ಕದಿಂದ ಬೆಳಕು ಬಿಟ್ಟು ಫೋಟೋ ತೆಗೆದೆ. ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ, ನಾನು ಕೊಟ್ಟದ್ದಕ್ಕಿಂತ ಬಹಳ ಕೆಳಗೆ. ಮೂರು ವಾರ ಯಾರೂ ಮುಟ್ಟಲಿಲ್ಲ. ಆಮೇಲೆ ಒಬ್ಬರು ಕೇಳಿದರು, "ಕೈಗೆ ಬಂದಾಗ ಇದಕ್ಕಿಂತ ಕೆಟ್ಟದಾಗಿ ಕಾಣುತ್ತಾ?"

"ಇಲ್ಲ, ಫೋಟೋದಲ್ಲೇ ಜಾಸ್ತಿ ಕೆಟ್ಟದಾಗಿ ಕಾಣುತ್ತೆ" ಅಂದೆ. ತಗೊಂಡರು.